ಹತ್ತು ಗಜದ ಆಚೆಗಿನ ಬದುಕು

ವಿಕ್ಟೋರಿಯಾ ಕ್ರಾಸ್ ಪದಕದ ಹಿಂಬದಿಯಲ್ಲಿ ಒಂದು ತಾರೀಖು ಕೆತ್ತಿರುತ್ತಾರೆ. ಅದು ಸಾಹಸ ನಡೆದ ದಿನ. ರೋಲಂಡ್ ಎಡ್ವರ್ಡ್ ಎಲ್ಕಾಕ್‌ ಮಟ್ಟಿಗೆ ಆ ದಿನ 1918ರ ಅಕ್ಟೋಬರ್ 15. ಆಗ ಆತನಿಗೆ ಹತ್ತೊಂಬತ್ತು ವರ್ಷ. ಇನ್ನೂ ಇಪ್ಪತ್ತಾರು ವರ್ಷ ಬದುಕಿದ. ಸೈನಿಕನನ್ನು ಗೌರವಿಸುತ್ತೇವೆ ಎನ್ನುವಾಗ ನಾವು ಗೌರವಿಸುವುದು ಆ ಒಂದು ದಿನವನ್ನೋ, ಮಿಕ್ಕ ಇಪ್ಪತ್ತಾರು ವರ್ಷವನ್ನೋ?

ಎಲ್ಕಾಕ್ ಹುಟ್ಟಿದ್ದು 1899ರಲ್ಲಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಬೀಗ, ಸೈಕಲ್ಲು, ಮೋಟಾರು ಮಾಡುವ ಕಾರ್ಖಾನೆಗಳ ಊರು ಅದು. 1914ರಲ್ಲಿ ಯುದ್ಧ ಶುರುವಾದಾಗ ಹದಿನೈದರ ಹುಡುಗ ವಯಸ್ಸು ಮರೆಮಾಚಿ ಸೈನ್ಯಕ್ಕೆ ಸೇರಿಕೊಂಡ. ನಿಜ ಗೊತ್ತಾದ ಮೇಲೆ ಮನೆಗೆ ಕಳಿಸಿದರು. ಹದಿನೆಂಟು ತುಂಬುತ್ತಲೇ ಮತ್ತೆ ಹೋಗಿ ರಾಯಲ್ ಸ್ಕಾಟ್ಸ್ ರೆಜಿಮೆಂಟಿನ 11ನೇ ಬೆಟಾಲಿಯನ್ ಸೇರಿದ. ಆ ಅಕ್ಟೋಬರ್ 15ರ ಹೊತ್ತಿಗೆ ಯುದ್ಧ ಮುಗಿಯಲು ಇನ್ನೊಂದೇ ತಿಂಗಳಿತ್ತು. ಕ್ಯಾಪೆಲ್ ಸೇಂಟ್ ಕ್ಯಾಥರಿನ್ ಎಂಬಲ್ಲಿ ಎರಡು ಜರ್ಮನ್ ಮೆಷಿನ್ ಗನ್ನುಗಳು ಇಡೀ ಮುನ್ನಡೆಯನ್ನು ತಡೆದು ನಿಲ್ಲಿಸಿದ್ದವು; ಜನ ಸಾಲುಸಾಲಾಗಿ ಬೀಳುತ್ತಿದ್ದರು. ಎಲ್ಕಾಕ್‌ ಕೈಯಲ್ಲಿದ್ದದ್ದು ಲೂಯಿಸ್ ಗನ್. ಸುಮಾರು 13 ಕಿಲೋ ಭಾರ, ತಟ್ಟೆಯಂಥ ಡಬ್ಬಿಯಲ್ಲಿ 47 ಗುಂಡು. ಯಾರ ಅಪ್ಪಣೆಗೂ ಕಾಯದೆ ಅದನ್ನು ಹೊತ್ತುಕೊಂಡು ಶತ್ರುವಿನ ಗನ್ನುಗಳಿಂದ ಹತ್ತು ಗಜದಷ್ಟು ಹತ್ತಿರಕ್ಕೆ ನುಗ್ಗಿದ. ಎರಡನ್ನೂ ಬಾಯಿ ಮುಚ್ಚಿಸಿ ಐವರನ್ನು ಸೆರೆಹಿಡಿದ. ಮುಂದೆ ಲಿಸ್ ನದಿಯ ಬಳಿ ಮತ್ತೊಂದು ಗನ್ನಿನ ಮೇಲೂ ಬಿದ್ದು ಅದರ ತಂಡವನ್ನು ಹಿಡಿದ.

ಇಷ್ಟು ಪ್ರಶಸ್ತಿಪತ್ರದಲ್ಲಿದೆ. ಅಲ್ಲಿಂದ ಮುಂದಿನದಕ್ಕೆ ಪತ್ರವಿಲ್ಲ. ಯುದ್ಧ ಮುಗಿದ ಮೇಲೆ ಎಲ್ಕಾಕ್ ಭಾರತಕ್ಕೆ ಬಂದು ಅಂಚೆ ಮತ್ತು ತಂತಿ ಇಲಾಖೆಯಲ್ಲಿ ನೌಕರಿ ಹಿಡಿದ. ಎರಡನೇ ಮಹಾಯುದ್ಧ ಬಂದಾಗ ಇಲ್ಲಿನ ಸೈನ್ಯ ಸೇರಿ ಮೇಜರ್ ಆದ. 1944ರ ಅಕ್ಟೋಬರ್ 6ರಂದು ಡೆಹ್ರಾಡೂನಿನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ. ಪದಕ ಎಡಿನ್‌ಬರೋ ಕೋಟೆಯ ರೆಜಿಮೆಂಟ್ ಮ್ಯೂಸಿಯಂ ಸೇರಿತು. ಹುಟ್ಟಿದ ಊರು ಒಂದು ಕಡೆ, ಪದಕ ಒಂದು ಕಡೆ, ಮೈ ಮಣ್ಣಾದದ್ದು ಇನ್ನೊಂದು ಕಡೆ. ಮೂರನ್ನೂ ಹೊಲಿಯಬೇಕಾದ ನೂಲು ಆ ಅಂಚೆ–ತಂತಿಯ ವರ್ಷಗಳು. ಯುದ್ಧ ಕಂಡು ಬಂದ ಹುಡುಗ ಹೇಗೆ ಬದುಕಿದ, ನಲವತ್ತು ದಾಟಿದ ಮೇಲೆ ಮತ್ತೆ ಸಮವಸ್ತ್ರ ಏಕೆ ತೊಟ್ಟ ಎಂಬುದೆಲ್ಲ ಅಲ್ಲಿದೆ. ಪ್ರಶಸ್ತಿಪತ್ರ ಬರೆಯುವವರಿಗೆ ಅದು ಬೇಕಿರಲಿಲ್ಲ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. 1856ರಲ್ಲಿ ಈ ಪದಕ ಸ್ಥಾಪನೆಯಾದಾಗ ಅಧಿಕಾರಿಯಲ್ಲದ ಸೈನಿಕರಿಗೆ ವರ್ಷಕ್ಕೆ 10 ಪೌಂಡ್ ವರ್ಷಾಶನ ಎಂದು ಗೊತ್ತುಮಾಡಿದರು. ಅದು 100 ಪೌಂಡ್ ಆದದ್ದು 1959ರಲ್ಲಿ. ಒಂದು ಸಾಮ್ರಾಜ್ಯ ತನ್ನ ಅತ್ಯುನ್ನತ ಶೌರ್ಯಕ್ಕೆ ಕಟ್ಟಿದ ಮೂಲ ಬೆಲೆ ನೂರು ವರ್ಷ ಅಲ್ಲೇ ನಿಂತಿದ್ದರೆ, ಅದರ ಕಣ್ಣು ಮನುಷ್ಯನ ಮೇಲೆ ಇರಲಿಲ್ಲ ಎಂದೇ ನಾನು ಹೇಳುತ್ತೇನೆ.

ಇಲ್ಲಿ ನಮ್ಮ ವೀರಗಲ್ಲುಗಳು ನೆನಪಾಗುತ್ತವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನು ಹತ್ತಿರ ನಿಂತು ನೋಡಬೇಕು. ಆನೆ, ಕುದುರೆ, ಬಿದ್ದ ಹೆಣಗಳ ನಡುವೆ ಕಾದಾಟ ಕಿಕ್ಕಿರಿದಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದದ್ದನ್ನು ಶಾಸನ ಹೇಳುತ್ತದೆ, ಅಷ್ಟಕ್ಕೇ ನಿಲ್ಲುವುದಿಲ್ಲ. ಗಂಗರ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಬಿಟ್ಟುಕೊಟ್ಟ ಸಂಗತಿಯನ್ನೂ, ಆ ಹಳ್ಳಿಗಳ ಹೆಸರುಗಳನ್ನೂ ಬರೆಸಿದೆ. ಮಡಿದವರ ಮನೆಯವರಿಗೆ ನೆತ್ತರುಗೊಡಗೆಯಾಗಿ ಗದ್ದೆ ಹೊಲ ಬಿಟ್ಟ ಶಾಸನಗಳು ಕನ್ನಡನಾಡಿನ ತುಂಬ ಇವೆ. ಸಾಹಸದ ಪಕ್ಕದಲ್ಲೇ ಮುಂದಿನ ಅನ್ನದ ಏರ್ಪಾಡೂ ಕಲ್ಲಿಗೆ ಏರುತ್ತಿತ್ತು. ಆ ರಾಜರೂ ಧರ್ಮಕ್ಕೆ ಕೊಟ್ಟವರಲ್ಲ, ನಾಳೆ ಕಾದುವವರು ಬೇಕೆಂದೇ ಕೊಟ್ಟವರು. ಬದುಕಿ ಬಂದು ಕುಂಟುತ್ತ ಹೊಲ ಉತ್ತವನಿಗೆ ಅಲ್ಲೂ ಕಲ್ಲು ನೆಟ್ಟದ್ದು ಅಪರೂಪ. ಆದರೂ ಗೌರವ ಎಂದರೆ ಹೊಣೆ ಹೊರುವುದು ಎಂಬ ತಿಳಿವಳಿಕೆ ಆ ಕಲ್ಲುಗಳಲ್ಲಿದೆ, ಕಂಚಿನ ಪದಕದಲ್ಲಿ ಇಲ್ಲ.

ಪದಕ ಇರುವುದೇ ಒಂದು ಕೃತ್ಯವನ್ನು ಗುರುತಿಸಲು, ಅದರಿಂದ ಜೀವನಚರಿತ್ರೆ ಕೇಳುವುದು ಅನ್ಯಾಯ ಎನ್ನುವವರಿದ್ದಾರೆ. ಒಪ್ಪುವ ಮಾತೇ. ಎಲ್ಲ ಸೈನಿಕರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹತ್ತು ಗಜದವರೆಗೆ ನುಗ್ಗಿದ ಆ ಓಟಕ್ಕೆ ಅವಮಾನ. ನನ್ನ ತಕರಾರು ಬೇರೆ. ಪದಕಕ್ಕೆ ಸಾಕ್ಷಿ ಬೇಕು, ಬರೆಯಬಲ್ಲ ಅಧಿಕಾರಿ ಬೇಕು, ಅರ್ಹತೆಯ ಪಟ್ಟಿಯಲ್ಲಿ ಜಾಗವೂ ಬೇಕು. 1911ರವರೆಗೆ ಭಾರತೀಯ ಸಿಪಾಯಿಗೆ ವಿಕ್ಟೋರಿಯಾ ಕ್ರಾಸ್‌ಗೆ ಅರ್ಹತೆಯೇ ಇರಲಿಲ್ಲ. ಅದಕ್ಕೇ 1897ರಲ್ಲಿ ಸಾರಾಗಢಿಯಲ್ಲಿ ಮಡಿದ 36ನೇ ಸಿಖ್ ರೆಜಿಮೆಂಟಿನ ಇಪ್ಪತ್ತೊಂದು ಯೋಧರಿಗೆ ಸಿಕ್ಕಿದ್ದು ಇಂಡಿಯನ್ ಆರ್ಡರ್ ಆಫ್ ಮೆರಿಟ್, ಕುಟುಂಬಗಳಿಗೆ ಭೂಮಿ ಮತ್ತು 500 ರೂಪಾಯಿ. ಆ ಯೋಧರ ನೆನಪಿಗೆ ಹವಾಲ್ದಾರ್ ಈಶರ್ ಸಿಂಗ್ ಅವರ ಕಂಚಿನ ಪ್ರತಿಮೆ 2021ರ ಸೆಪ್ಟೆಂಬರ್‌ನಲ್ಲಿ ನಿಂತದ್ದು ಎಲ್ಕಾಕ್‌ನ ಊರಲ್ಲೇ, ವುಲ್ವರ್‌ಹ್ಯಾಂಪ್ಟನ್‌ನ ವೆಡ್ನೆಸ್‌ಫೀಲ್ಡ್ ಗುರುದ್ವಾರದ ಎದುರಿಗೆ.

ಆ ಪ್ರತಿಮೆ ನಿಲ್ಲುವ ಮುಂಚೆ ಆ ಊರಲ್ಲಿ ಒಂದು ಜಗಳ ನಡೆದಿತ್ತು. 1967ರಲ್ಲಿ ಪೇಟ, ಗಡ್ಡದೊಂದಿಗೆ ಕೆಲಸಕ್ಕೆ ಬಂದ ಸಿಖ್ ಬಸ್ ಚಾಲಕನನ್ನು ನಗರಸಭೆಯ ಸಾರಿಗೆ ವಿಭಾಗ ಮನೆಗೆ ಕಳಿಸಿತು. ಎರಡು ವರ್ಷ ಮೆರವಣಿಗೆ, ಮಾತುಕತೆ, ಆತ್ಮಾಹುತಿಯ ಎಚ್ಚರಿಕೆಯವರೆಗೂ ಹೋಗಿ 1969ರ ಏಪ್ರಿಲ್‌ನಲ್ಲಿ ಪೇಟ, ಗಡ್ಡದ ಮೇಲಿನ ನಿಷೇಧ ರದ್ದಾಯಿತು. ಸಿಖ್ಖರು ಮುಂದಿಟ್ಟ ವಾದಗಳಲ್ಲಿ ಒಂದು, ನಮ್ಮವರು ಎರಡು ಮಹಾಯುದ್ಧಗಳಲ್ಲೂ ಪೇಟ ಕಟ್ಟಿಕೊಂಡೇ ನಿಮಗಾಗಿ ಸತ್ತರು ಎಂಬುದು. ಸತ್ಯವಾದ ಮಾತು, ಕೆಲಸಕ್ಕೂ ಬಂತು. ಆದರೆ ಬಸ್ಸು ಓಡಿಸುವ ಹಕ್ಕಿಗೆ ಅಜ್ಜನ ಹೆಣ ತೋರಿಸಬೇಕಾಗಿ ಬಂದದ್ದು ನನಗೆ ಸಹಿಸಲಾಗದ ಸಂಗತಿ. ಯುದ್ಧಕ್ಕೇ ಹೋಗದ ಮನೆತನದ ಮಗನಿಗೆ ಪೇಟದ ಹಕ್ಕು ಕಡಿಮೆಯೇ? ಅದೇ ಊರಿನ ಆಗಿನ ಸಂಸದ ಈನಾಕ್ ಪೊವೆಲ್ ಸಹ ಎರಡನೇ ಯುದ್ಧದಲ್ಲಿ ಭಾರತದಲ್ಲಿ ಸೇವೆ ಸಲ್ಲಿಸಿದವರು, ಬ್ರಿಗೇಡಿಯರ್ ಆದವರು. 1968ರಲ್ಲಿ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದವರೂ ಅವರೇ. ಜೊತೆಗೆ ಸಮವಸ್ತ್ರ ತೊಟ್ಟ ಮಾತ್ರಕ್ಕೆ ನೆರೆಯವನನ್ನು ಸಮಾನನೆಂದು ಕಾಣುವ ಗುಣ ಬರುವುದಿಲ್ಲ.

ನಮ್ಮ ಮನೆಯ ಕಡೆಯೂ ನೋಡಬೇಕು. ಎಲ್ಕಾಕ್‌ನ ದಿನಕ್ಕೆ ಮೂರು ವಾರ ಮೊದಲು, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧ್‌ಪುರದವರೊಂದಿಗೆ ಹೈಫಾ ನಗರವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಆ ದಳದ ಸ್ಮಾರಕವಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಹೂವಿಡುತ್ತೇವೆ, ಗೆದ್ದ ಊರಿನ ಹೆಸರು ಹೇಳುತ್ತೇವೆ. ಆ ಸವಾರರು ತಿರುಗಿ ಬಂದು ಏನು ಮಾಡಿದರು, ಕುದುರೆ ಇಳಿದ ಮೇಲೆ ಯಾವ ಕಸುಬು ಹಿಡಿದರು, ಪಿಂಚಣಿ ಎಷ್ಟು ಬರುತ್ತಿತ್ತು, ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ. ಮೈಸೂರು ಸಂಸ್ಥಾನದ ಕಾಗದಪತ್ರಗಳನ್ನು ನಮ್ಮ ಪತ್ರಾಗಾರ ಇಟ್ಟುಕೊಂಡಿದೆ. ಇತಿಹಾಸದ ಎಂ.ಎ. ವಿದ್ಯಾರ್ಥಿಗಳಿಗೆ ರಾಜವಂಶಗಳ ಬಗ್ಗೆ ಇನ್ನೊಂದು ಪ್ರಬಂಧ ಬರೆಸುವ ಬದಲು ತಲೆಗೊಬ್ಬ ಸವಾರನನ್ನು ವಹಿಸಿಕೊಟ್ಟು, ಹೈಫಾದ ಮಾರನೆಯ ದಿನದಿಂದ ಅವನ ಬದುಕನ್ನು ಬರೆದು ತರಲು ಹೇಳಬಹುದು.