ಗೋಲು ಹೊಡೆದ ಕಾಲು ಅದೇ ಅಲ್ಲವೇ?

ಜಸ್ಟಿನ್ ಫಾಶನು ಎಂಬ ಹೆಸರನ್ನು ನಮ್ಮ ಕಡೆ ಹೆಚ್ಚಿನವರು ಕೇಳಿರಲಿಕ್ಕಿಲ್ಲ. 1980ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಸಿಟಿ ಪರ ಆಡುತ್ತಾ, ಲಿವರ್‌ಪೂಲ್ ವಿರುದ್ಧ ಈತ ಹೊಡೆದ ಗೋಲು ಆ ಸೀಸನ್ನಿನ ಅತ್ಯುತ್ತಮ ಗೋಲು ಅನ್ನಿಸಿಕೊಂಡಿತು. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ 10 ಲಕ್ಷ ಪೌಂಡ್ ಕೊಟ್ಟು ಕರೆದುಕೊಂಡಿತು. ಬ್ರಿಟನ್ನಿನಲ್ಲಿ ಅಷ್ಟು ಬೆಲೆ ಪಡೆದ ಮೊದಲ ಕಪ್ಪುವರ್ಣದ ಆಟಗಾರ ಈತನೇ.

ಹೊಸ ತಂಡದಲ್ಲಿ ಗೋಲುಗಳು ಬರಲಿಲ್ಲ, ನಿಜ. ಆದರೆ ಮ್ಯಾನೇಜರ್ ಬ್ರಯಾನ್ ಕ್ಲಫ್‌ಗೆ ಸಿಟ್ಟು ಬಂದದ್ದು ಅದೊಂದಕ್ಕೇ ಅಲ್ಲ. ಈ ಹುಡುಗ ಗಂಡಸರನ್ನೇ ಇಷ್ಟಪಡುವವನು, ಅಂದರೆ ಗೇ, ಅಂಥವರು ಸೇರುವ ಬಾರ್‌ಗಳಿಗೆ ಹೋಗುತ್ತಾನೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ತಂಡದ ಜೊತೆ ಅಭ್ಯಾಸ ಮಾಡದಂತೆ ತಡೆದುಬಿಟ್ಟ.

'ಏನಾದ್ರೂ ಮಾಡ್ಕೊಳ್ಳಲಿ, ಊರಿಗೆಲ್ಲ ಯಾಕೆ ಹೇಳ್ಬೇಕು?' ಎನ್ನುವವರಿಗೆ ನಮ್ಮ ಮೊದಲ ಉತ್ತರ ಇಲ್ಲೇ ಇದೆ. ಆಗ ಫಾಶನು ಊರಿಗೆ ಹೇಳಿರಲೇ ಇಲ್ಲ. ಮುಚ್ಚಿಟ್ಟರೂ ಶಿಕ್ಷೆ ತಪ್ಪಲಿಲ್ಲ.

1990ರಲ್ಲಿ ಪತ್ರಿಕೆಯ ಮುಂದೆ ಹೇಳಿಕೊಂಡ. ಒಡಹುಟ್ಟಿದ ತಮ್ಮ, ಅವನೂ ಫುಟ್‌ಬಾಲ್ ಆಟಗಾರನೇ, ಎಲ್ಲರೆದುರು ಅಣ್ಣನನ್ನು ದೂರ ತಳ್ಳಿದ. 1998ರಲ್ಲಿ ಅಮೆರಿಕದಲ್ಲಿ 17 ವರ್ಷದ ಹುಡುಗನೊಬ್ಬ ಫಾಶನು ಮೇಲೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟ. ಅದು ಗಂಭೀರ ದೂರು, ವಿಚಾರಣೆ ಆಗಲೇಬೇಕಿತ್ತು. ಆಗಲಿಲ್ಲ. ಆರೋಪ ಅಲ್ಲಗಳೆದ ಚೀಟಿ ಬರೆದಿಟ್ಟು, 37ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಪ್ರಾಣ ಬಿಟ್ಟ.

ಇಂಗ್ಲೆಂಡಿನ ಗಂಡಸರ ವೃತ್ತಿಪರ ಫುಟ್‌ಬಾಲಿನಲ್ಲಿ, ಇನ್ನೂ ಆಡುತ್ತಿರುವಾಗಲೇ ಇನ್ನೊಬ್ಬ ಬಾಯಿ ಬಿಡಲು 32 ವರ್ಷ ಹಿಡಿಯಿತು. 2022ರಲ್ಲಿ ಹೇಳಿಕೊಂಡ ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್‌ಗೆ ಬರೀ 17 ವರ್ಷ. ನಡುವೆ ಅಂಥವರು ಇರಲೇ ಇಲ್ಲವೇ? ಇದ್ದರು. ಜರ್ಮನಿಗೆ 52 ಪಂದ್ಯ ಆಡಿದ, ಇಂಗ್ಲೆಂಡಿನ ಕ್ಲಬ್ಬುಗಳಲ್ಲೂ ಆಡಿದ ಥಾಮಸ್ ಹಿಟ್ಸ್‌ಲ್‌ಸ್ಪೆರ್ಗರ್ ಬೂಟು ಬಿಚ್ಚಿಟ್ಟ ಮೇಲೆ, 2014ರಲ್ಲಿ ಹೇಳಿದ.

ಇದೇ ಆಟವನ್ನು ಹೆಣ್ಣುಮಕ್ಕಳು ಆಡುವ ಕಡೆ ನೋಡಿ. ಅಮೆರಿಕದ ಮೇಗನ್ ರಪಿನೋ ಏನನ್ನೂ ಮುಚ್ಚಿಡದೆ 2019ರ ವಿಶ್ವಕಪ್ ಗೆದ್ದರು, ಟೂರ್ನಿಯ ಶ್ರೇಷ್ಠ ಆಟಗಾರ್ತಿಯೂ ಆದರು. ಚೆಂಡು ಅದೇ, ಗೋಲುಕಂಬ ಅದೇ. ಹಾಗಾದರೆ ಕಾಯಿಲೆ ಇರುವುದು ಆಟದಲ್ಲಲ್ಲ, ಗಂಡಸ್ತನದ ಜಂಬದಲ್ಲಿ.

ಆ ಜಂಬ ಇಂಗ್ಲೆಂಡಿನ ಸ್ವತ್ತೇನೂ ಅಲ್ಲ. ನಮ್ಮೂರಿನ ಕಬಡ್ಡಿಯಲ್ಲಿ ರೈಡ್ ತಪ್ಪಿದವನಿಗೆ 'ಬಳೆ ತೊಟ್ಕೊಂಡು ಮನೇಲಿ ಕೂತ್ಕೋ' ಎಂದು ಕೂಗುವುದು ಅದೇ ಜಂಬ. ಆ ಕೂಗಿಗೆ ನಗುವ ಗುಂಪಿನಲ್ಲೇ ಒಬ್ಬ ಹುಡುಗ ತನ್ನ ಗುಟ್ಟನ್ನು ಇನ್ನಷ್ಟು ಆಳಕ್ಕೆ ನುಂಗಿಕೊಳ್ಳುತ್ತಿರಬಹುದು.

'ಇದೆಲ್ಲ ಫಾರಿನ್ ಚಾಳಿ' ಅನ್ನಬೇಡಿ. ಒಡಿಶಾದ ಹಳ್ಳಿಯ ನೇಕಾರರ ಮಗಳು, ಓಟಗಾರ್ತಿ ದ್ಯುತಿ ಚಾಂದ್ 2019ರ ಮೇ ತಿಂಗಳಲ್ಲಿ ತಾನು ಪ್ರೀತಿಸುವುದು ಹುಡುಗಿಯನ್ನು ಎಂದರು. ಮನೆಯವರೇ ತಿರುಗಿಬಿದ್ದರು. ಎರಡೇ ತಿಂಗಳಲ್ಲಿ ಇಟಲಿಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 100 ಮೀಟರ್ ಓಡಿ ಚಿನ್ನ ತಂದರು. ಇಂಥ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿದೆ. ಕೋರ್ಟು ಬಿಟ್ಟಿದ್ದನ್ನು ಮೈದಾನ ಯಾಕೆ ಹಿಡಿದುಕೊಂಡಿದೆ?

ಪಿ.ಟಿ. ಮೇಷ್ಟ್ರುಗಳಿಗೆ, ತಂಡ ಕಟ್ಟುವ ಅಣ್ಣಂದಿರಿಗೆ ನಾವು ಕೇಳುವುದು ಇಷ್ಟೇ. ಮುಂದಿನ ಟೂರ್ನಮೆಂಟಿನಲ್ಲಿ ಬಳೆಯ ಮಾತು ಎದ್ದರೆ ವಿಸಿಲ್ ಊದಿ, ಆಟ ನಿಲ್ಲಿಸಿ. ಕಾಲು ತುಳಿದರೆ ಫೌಲ್ ಕೊಡುತ್ತೀರಿ. ಮನುಷ್ಯನನ್ನೇ ತುಳಿದರೆ?