ಟವರಿನ ಕಾಲು, ತೋಟದ ಮಣ್ಣು



ಹೈಟೆನ್ಷನ್ ತಂತಿಯ ಟವರು ತೋಟಕ್ಕೆ ಬರುವುದೆಂದು ತಿಳಿದೊಡನೆ ನಾವು ಎಣಿಸುವುದು ಮರಗಳನ್ನು. ಸಿಲ್ವರ್ ಓಕ್ ಎಷ್ಟು, ಅಡಿಕೆ ಎಷ್ಟು, ಕಾಫಿ ಗಿಡ ಎಷ್ಟು ಎಂದು ಪಟ್ಟಿ ಮಾಡುತ್ತೇವೆ. ಮಾಡಬೇಕಾದದ್ದೇ. ಆದರೆ ಆ ಪಟ್ಟಿಯಲ್ಲಿ ಮಣ್ಣು ಇರುವುದಿಲ್ಲ.

ಒಂದು ಲೆಕ್ಕ ನೋಡಿ. ಟವರಿಗೆ ನಾಲ್ಕು ಕಾಲು. ಕಾಲೊಂದಕ್ಕೆ 3 ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ಎಂದಿಟ್ಟುಕೊಂಡರೆ 27 ಘನಮೀಟರು, ನಾಲ್ಕಕ್ಕೆ 108. ಅಗೆದ ಮಣ್ಣು ಸಡಿಲಗೊಂಡು ಹೆಚ್ಚುಕಡಿಮೆ ಕಾಲುಭಾಗ ಉಬ್ಬುತ್ತದೆ. ಇಳಿಜಾರನ್ನು ಕಡಿದು ಸಮತಟ್ಟು ಮಾಡಿದರೆ ಇನ್ನಷ್ಟು ಮಣ್ಣು.

ನನ್ನ ತೋಟದಲ್ಲಿ ಕಂಟ್ರಾಕ್ಟರನ ಜನ ಇದನ್ನೆಲ್ಲ ಕೆಳಮಗ್ಗುಲಿಗೆ ತಳ್ಳಿ ಹೋದರು. ಜೂನ್ ತಿಂಗಳ ಎರಡು ದೊಡ್ಡ ಮಳೆಗೆ ಅದು ಕಾಫಿಯ ಬುಡ ಮುಚ್ಚಿ, ತೊಟ್ಟಿಲು ಗುಂಡಿಗಳನ್ನು ತುಂಬಿ, ಕೆಳಗಿನ ನೆರೆಯವರ ಅಡಿಕೆ ತೋಟದ ಕಪ್ಪಿಗೆ ಇಳಿಯಿತು. ನೀರು ಬಸಿಯದೆ ಅವರ ಮರಗಳು ಹಳದಿಯಾದವು. ಪರಿಹಾರ ಪಡೆದವನು ನಾನು, ನಷ್ಟ ಉಂಡವರು ಅವರು. ಆ ಸಂಕೋಚ ಇಂದಿಗೂ ನನಗಿದೆ.

ಮಣ್ಣಿನ ಕೆಲಸ ಸರಿಯಾಗಿ ಆಗುವುದು ನಮಗೆ ಮಾತ್ರವಲ್ಲ, ಟವರಿಗೂ ಬೇಕು. ಬಿರುಗಾಳಿ ಬೀಸಿದಾಗ ಗಾಳಿಯ ಕಡೆಯ ಎರಡು ಕಾಲುಗಳು ಮೇಲಕ್ಕೆ ಕಿತ್ತು ಬರಲು ಎಳೆಯುತ್ತವೆ. ಅವನ್ನು ಹಿಡಿದಿಡುವುದು ಕಾಂಕ್ರೀಟಿನ ಭಾರ ಮತ್ತು ಅದರ ಮೇಲೆ ತುಂಬಿದ ಮಣ್ಣಿನ ಭಾರ. ಗುಂಡಿಗೆ ಒಂದೇ ಸಲ ಮಣ್ಣು ಸುರಿದರೆ ಅದು ಹಿಡಿಯದು. ತೆಳುವಾದ ಪದರ ಪದರವಾಗಿ, ಹದವಾದ ತೇವದಲ್ಲಿ ದಮ್ಮಸು ಮಾಡಿ ತುಂಬತಕ್ಕದ್ದು. ನಾವೂ ಆಮೇಲೆ ಕಾಲಿನ ಬುಡದಿಂದ ಮಣ್ಣು ತೆಗೆಯಬಾರದು.

ನಮ್ಮ ನೆಲದ ಗುಣವೂ ಒಂದೇ ತೆರನಲ್ಲ. ಮೇಲೆ ಗಟ್ಟಿ ಮುರಕಲ್ಲು ಕಂಡರೂ ಅಡಿಯಲ್ಲಿ ಶೇಡಿ ಮಣ್ಣು ಇರಬಹುದು. ಒಣಗಿದಾಗ ಕಲ್ಲಿನಂತಿದ್ದು, ನೀರು ಕುಡಿದರೆ ಕುಸಿಯುವ ಮಣ್ಣು ಅದು. ಅಡಿಕೆ ಕಣಿವೆಯಲ್ಲಿ ಬೇಸಗೆಯಲ್ಲಿ ಕಾಣದ ನೀರಿನ ಮಟ್ಟ ಮಳೆಗಾಲದಲ್ಲಿ ನೆಲದ ಮೇಲೇ ಬಂದು ನಿಲ್ಲುತ್ತದೆ. ಆದುದರಿಂದ ಫೆಬ್ರುವರಿಯಲ್ಲಿ ಬಂದ ಇಂಜಿನಿಯರರಿಗೆ ಜುಲೈಯ ನೆಲದ ಸ್ಥಿತಿಯನ್ನು ನಾವೇ ಹೇಳಬೇಕು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ನಾವು ಮರೆತಿಲ್ಲ. ಇಳಿಜಾರು ಕಡಿದು ಆಧಾರ ಕೊಡದೆ ಬಿಟ್ಟರೆ ಏನಾಗುತ್ತದೆ ಎಂದು ಇನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಕೇಂದ್ರ ವಿದ್ಯುತ್ ಸಚಿವಾಲಯವು 2024ರ ಜೂನ್‌ನ ಮಾರ್ಗಸೂಚಿಯಲ್ಲಿ ಟವರಿನ ಬುಡದ ನೆಲಕ್ಕೆ ಭೂಮಿಯ ಬೆಲೆಯ ಶೇಕಡ 200, ತಂತಿಯ ಕೆಳಗಿನ ಪಟ್ಟಿಗೆ ಶೇಕಡ 30 ಪರಿಹಾರ ಸೂಚಿಸಿದೆ. ಸ್ವಾಗತಾರ್ಹ. ಆದರೆ ಜರಿದ ಮಣ್ಣು ಆ ಗಡಿಯೊಳಗೆ ನಿಲ್ಲುವುದಿಲ್ಲ. ಅದಕ್ಕಾಗಿ ಕೆಲಸ ಆರಂಭವಾಗುವ ಮೊದಲೇ ಕೆಳಗಿನವುಗಳನ್ನು ಬರವಣಿಗೆಯಲ್ಲಿ ಪಡೆಯಬೇಕೆಂದು ನನ್ನ ಅಭಿಪ್ರಾಯ:

1. ಗುಡ್ಡ ಕಡಿಯುವ ಬದಲು ಇಳಿಜಾರಿಗೆ ಹೊಂದುವಂತೆ ಉದ್ದ-ಗಿಡ್ಡ ಕಾಲುಗಳನ್ನು ಕೊಡುವುದು. ಈ ಪದ್ಧತಿ ಬಳಕೆಯಲ್ಲಿದೆ.

2. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ಕೊನೆಗೆ ಮೇಲೇ ಹರಡುವುದು.

3. ಮಿಕ್ಕ ಮಣ್ಣನ್ನು ಎಲ್ಲಿಗೆ ಸಾಗಿಸುವುದೆಂದು ಮೊದಲೇ ಗೊತ್ತುಮಾಡುವುದು.

4. ಕೊಯ್ಲು ಮುಗಿದ ಮೇಲೆ ಅಗೆದು, ಮೇ ಮಧ್ಯದೊಳಗೆ ಕಲ್ಲು ಕಟ್ಟಡ, ನೀರು ಹೋಗುವ ಕಾಲುವೆ ಎರಡನ್ನೂ ಮುಗಿಸುವುದು.

5. ಕೆಳಗಿನ ತೋಟದವರನ್ನೂ ಸ್ಥಳ ತನಿಖೆಗೆ ಕರೆಯುವುದು.

ಇದರಿಂದ ಕೆಲಸ ತಡವಾಗುತ್ತದೆ ಎನ್ನುವರು. ನಾವು ವಿದ್ಯುತ್ತಿಗೆ ವಿರೋಧಿಗಳಲ್ಲ. ನಮ್ಮ ಪಂಪ್‌ಸೆಟ್ಟು, ಪಲ್ಪರುಗಳೂ ಅದರಿಂದಲೇ ನಡೆಯುತ್ತವೆ. ಆದರೆ ಹದಿನೈದು ದಿನ ಉಳಿಸಲು ಹೋಗಿ ತಲೆಮಾರಿನ ಮಣ್ಣು ಕಳೆಯುವುದು ಯಾರ ಲಾಭ?

ಎರಡು ಎಕರೆಯ ಬೆಳೆಗಾರನೊಬ್ಬ ಹೋಗಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಸಂಘ ಕೇಳಿದರೆ ಉತ್ತರ ಕೊಡಲೇಬೇಕು. ಬರುವ ಮಹಾಸಭೆಯಲ್ಲಿ ಈ ಐದು ಅಂಶಗಳ ನಿರ್ಣಯವನ್ನು ನಾನು ಮಂಡಿಸಲಿದ್ದೇನೆ. ಟವರು ಬಂದವರೂ ಬಾರದವರೂ, ಮೇಲಿನ ತೋಟದವರೂ ಕೆಳಗಿನವರೂ ಬೆಂಬಲಿಸಬೇಕೆಂದು ಕೋರುತ್ತೇನೆ.