ಹಲ್ಲು ಉಜ್ಜಲ್ವಾ ಅಂತ ಕೇಳೋ ಮುಂಚೆ ನೀರು ಟೆಸ್ಟ್ ಮಾಡ್ಸಿ

1/5
ಆರನೇ ಕ್ಲಾಸು. ಪ್ರಾರ್ಥನೆ ಮುಗಿದ ಮೇಲೆ ಚೆಕಿಂಗ್: ಉಗುರು, ತಲೆ, ಹಲ್ಲು. ನನ್ನ ಪಕ್ಕದವಳಿಗೆ ಬಾಯಿ ತೆಗಿ ಅಂದ್ರು. "ಹಲ್ಲು ಉಜ್ಜಲ್ವೇನೇ?" ಇಡೀ ಸಾಲು ನಕ್ತು. ನಾನೂ ನಕ್ಕೆ. ಅವತ್ತಿಂದ ಅವಳು ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡೋದು. ಉತ್ತರ ಗೊತ್ತಿದ್ರೂ ಕೈ ಎತ್ತೋದು ಬಿಟ್ಲು. ದಿನಕ್ಕೆ ಎರಡು ಸಲ ಉಜ್ತಿದ್ಲು ಕಣ್ರೋ ಅವಳು.

2/5
ಪಾವಗಡ, ಮಧುಗಿರಿ, ಶಿರಾ ಕಡೆ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ಎಂಟು ವರ್ಷದೊಳಗೆ, ಶಾಶ್ವತ ಹಲ್ಲು ಒಸಡಿನೊಳಗೆ ಬೆಳೀತಿರುವಾಗ ಆ ನೀರು ಕುಡಿದ್ರೆ ಹಲ್ಲಲ್ಲಿ ಬಿಳಿ, ಹಳದಿ, ಕಂದು ಗೆರೆ ಬರುತ್ತೆ. ಅದು ಕೊಳೆ ಅಲ್ಲ. ಯಾವ ಪೇಸ್ಟಿಗೂ ಹೋಗಲ್ಲ. ನೀರು ಕುದಿಸಿದ್ರೂ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಅಂದ್ರೆ ತಪ್ಪು ನೀರಿಂದು, ಬೈಗುಳ ಮಗುಗೆ.

3/5
ಗೋಡೆ ಮೇಲೆ ಪೋಸ್ಟರ್: "ಹೆಚ್ಚು ನೀರು ಕುಡಿಯಿರಿ". ಶಾಲೆಗಳಲ್ಲಿ ನೀರು ಕುಡಿಯೋಕೆ ಗಂಟೆ ಹೊಡೀಬೇಕು ಅನ್ನೋ ಮಾತು 2019ರಲ್ಲೇ ಬಂತು. ಒಳ್ಳೇದೇ. ಆದ್ರೆ ಶೌಚಾಲಯಕ್ಕೆ ಬೀಗ, ಬೀಗ ಇಲ್ದಿದ್ರೆ ನೀರಿಲ್ಲ. ಹುಡ್ಗೀರು ಏನ್ ಮಾಡ್ತಾರೆ? ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಮಧ್ಯಾಹ್ನ ಗಣಿತ ಪೀರಿಯಡ್‌ಗೆ ತಲೆನೋವು, ತೂಕಡಿಕೆ. ಆಮೇಲೆ "ಇವಳಿಗೆ ಓದಿನ ಮೇಲೆ ಗಮನ ಇಲ್ಲ" ಅಂತ ಅಪ್ಪ-ಅಮ್ಮನ್ನ ಕರೆಸ್ತಾರೆ!

4/5
ಹಂಗಂತ ನಮ್ ತಪ್ಪೇನೂ ಇಲ್ವಾ? ಇದೆ. ರಾತ್ರಿ ಒಂದರವರೆಗೆ ರೀಲ್ಸ್ ನೋಡಿ ಬೆಳಗ್ಗೆ ಬರೀ ಟೀ ಕುಡ್ಕೊಂಡು ಬರೋರು ನಾವೇ. 2013ರಿಂದ ಕ್ಷೀರಭಾಗ್ಯದ ಹಾಲು ಕೊಡ್ತಿದಾರೆ, ಗೋಡೆ ಹಿಂದೆ ಚೆಲ್ಲೋರೂ ನಾವೇ. ಮುದ್ದೆ ತಿನ್ನೋನನ್ನ ಹಳ್ಳಿ ಗುಗ್ಗು ಅಂತ ಆಡ್ಕೊಳ್ತೀವಿ. 100 ಗ್ರಾಂ ರಾಗಿಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿ ಹತ್ರಕ್ಕೂ ಬರಲ್ಲ. ಕ್ಯಾಲ್ಸಿಯಂ ಇರೋ ಊಟ ಫ್ಲೋರೈಡ್ ಮೈಗೆ ಸೇರೋದನ್ನೂ ಕಡಿಮೆ ಮಾಡುತ್ತೆ. ನಮ್ ಅಜ್ಜಿಗೆ ಈ ಲೆಕ್ಕ ಗೊತ್ತಿರ್ಲಿಲ್ಲ, ತಟ್ಟೆಗೆ ಮುದ್ದೆ ಮಾತ್ರ ತಪ್ಪದೆ ಬೀಳ್ತಿತ್ತು.
ನಿದ್ದೆ, ತಿಂಡಿ, ಹಾಲು ನಮ್ ಕೈಲಿದೆ. ಒಪ್ಕೊಳ್ಳೋಣ. ಬೋರ್‌ವೆಲ್ ಮಾತ್ರ ಹತ್ತು ವರ್ಷದ ಮಗು ಕೈಲಿಲ್ಲ. "ಒಳ್ಳೆ ಅಭ್ಯಾಸ ಬೆಳೆಸ್ಕೊಳ್ಳಿ" ಅಂತ ಭಾಷಣ ಮಾಡೋರು ಈ ಎರಡನ್ನೂ ಒಂದೇ ಮೂಟೆಗೆ ಕಟ್ಟಬಾರದು.

5/5
ಪಾವಗಡದ ತಿರುಮಣಿ ಹತ್ರ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟೋಕಾಯ್ತು. ಕೆಟ್ಟು ನಿಂತಿರೋ ಒಂದು ನೀರಿನ ಘಟಕ ರಿಪೇರಿ ಮಾಡ್ಸೋಕಾಗಲ್ವಾ?
ಮೇಷ್ಟ್ರೇ, ಮೇಡಂ, ಎಲ್ಲರ ಮುಂದೆ ಹಲ್ಲು ನೋಡೋದು ನಿಲ್ಲಿಸಿ. ಫ್ರೆಂಡ್ಸ್, ಪಂಚಾಯ್ತಿಗೆ ಹೋಗಿ ಕೇಳಿ: ನಮ್ ಶಾಲೆ ನೀರು ಕೊನೇ ಸಲ ಟೆಸ್ಟ್ ಮಾಡಿದ್ದು ಯಾವಾಗ? ಫ್ಲೋರೈಡ್ ಎಷ್ಟಿತ್ತು? ಆ ನಂಬರ್ ನಲ್ಲಿ ಪಕ್ಕದ ಗೋಡೆ ಮೇಲೆ ಬರೆಸಿ.
ಅವತ್ತು ನಕ್ಕಿದ್ದಕ್ಕೆ ನಾನು ಅವಳ ಹತ್ರ ಸಾರಿ ಕೇಳಿದೀನಿ. ನೀವು ಯಾರಿಗೆ ಕೇಳ್ಬೇಕು?

#ಸಿದ್ದರಬೆಟ್ಟ #ಪಾವಗಡ #ಮಧುಗಿರಿ #ಶಿರಾ #ಕೊರಟಗೆರೆ #ನಮ್ಮನೀರು